ಸಾಂತಿಯಾಗೋ ಯಾತ್ರೆ: ಹೊರಡುವ ಮುನ್ನ

ಸ್ಪೇನ್ ದೇಶದ ವಾಯವ್ಯ ಮೂಲೆಯ ಸಾಂತಿಯಾಗೋ ದೆ ಕೊಂಪೊಸ್ತೇಲ ನಗರದಲ್ಲಿ ಯೇಸುವಿನ ಶಿಷ್ಯ ಯಾಕೋಬನ ಅಸ್ಥಿಗಳಿರುವುವೆಂಬ ಶ್ರದ್ಧೆಯಿಂದ ಪಿರನೀಸ್ ಪರ್ವತಗಳನ್ನು ದಾಟಲೆಳಸಿದ ಮಧ್ಯಯುಗದ ಯಾತ್ರಿಕನಿಗೆ, ಪ್ರಯಾಣದ ಸಿದ್ಧತೆಯೆಂಬುದು ಅರ್ಧಪಾಲು ಮರಣದ ಸಿದ್ಧತೆಯೇ ಆಗಿದ್ದಿತು. ಮರಳುವ ಭರವಸೆಯಿಲ್ಲದುದರಿಂದ ಅನೇಕರು ಉಯಿಲು ಬರೆಯಿಸಿ, ಸಾಲ ತೀರಿಸಿ, ಪಾಪನಿವೇದನೆಗೈದು, ಪಾದ್ರಿಯು ಹರಸಿ ಕೊಟ್ಟ ದಂಡವನ್ನೂ ಚರ್ಮದ ಜೋಳಿಗೆಯನ್ನೂ ಧರಿಸಿ ಹೊಸ್ತಿಲನ್ನು ದಾಟುತ್ತಿದ್ದರು. ಆ ಜೋಳಿಗೆ ಕಿರಿದಾಗಿರಬೇಕು, ಅದರ ಬಾಯಿಗೆ ಕಟ್ಟಿರಬಾರದು. ಪಡೆಯುವುದಕ್ಕೂ ಕೊಡುವುದಕ್ಕೂ ಅದು ಸದಾ ತೆರೆದಿರತಕ್ಕುದೆಂಬುದು ಅಂದಿನ ಧರ್ಮೋಪದೇಶ.

ಹನ್ನೆರಡನೆಯ ಶತಮಾನದ ಲ್ಯಾಟಿನ್ ಹಸ್ತಪ್ರತಿಯಾದ ಕೋಡೆಕ್ಸ್ ಕಾಲಿಕ್ಸ್ತಿನುಸ್‌ನ ಐದನೆಯ ಭಾಗವು ಇಂತಹವರಿಗೆ ಕೈಪಿಡಿಯಂತಿದೆ. ಯಾವ ನದಿಯ ನೀರು ಕುಡಿಯತಕ್ಕುದು, ಯಾವುದು ವಿಷ, ಯಾವ ಸೀಮೆಯ ರೊಟ್ಟಿ ರುಚಿಕರ ಎಂಬುದನ್ನೆಲ್ಲ ಅದು ತಿಳಿಸುತ್ತದೆ. ಉಪ್ಪುಹೊಳೆಯೊಂದರ ದಡದಲ್ಲಿ ಕತ್ತಿ ಮಸೆಯುತ್ತ ಕುಳಿತಿದ್ದ ನವಾರ್ರ ಸೀಮೆಯ ಇಬ್ಬರು, ನೀರು ಒಳ್ಳೆಯದೆಂದು ನಂಬಿಸಿ, ಅದನ್ನು ಕುಡಿದು ಸತ್ತ ಕುದುರೆಗಳ ಚರ್ಮವನ್ನು ಅಲ್ಲಿಯೇ ಸುಲಿದರೆಂಬ ಕಥೆಯನ್ನು ಹೇಳುವಾಗಲಂತೂ ಗ್ರಂಥಕರ್ತನ ರೋಷ ಉಕ್ಕಿ ಹರಿಯುತ್ತದೆ. ನವಾರ್ರದವರ ಮೇಲಿನ ಅವನ ದ್ವೇಷವನ್ನು ಕಂಡ ನನಗೆ ಈ ಸಾಕ್ಷ್ಯದಲ್ಲಿ ಪೂರ್ಣ ವಿಶ್ವಾಸವಿಲ್ಲ. ಸ್ಪೇನಿನ ದಾರಿಯನ್ನು ಅವನು ಕೇವಲ 13 ಹಂತಗಳಾಗಿ ವಿಭಾಗಿಸಿರುವನು. ಇಂದಿನ ಅಳತೆಯಲ್ಲಿ ಸುಮಾರು 780 ಕಿ.ಮೀ. ಆಗುವ ಈ ಹಾದಿಗೆ ಆ ಲೆಕ್ಕ ಕಾಲಿನದಲ್ಲ, ಲೇಖನಿಯದು. ಕೆಲವು ಹಂತಗಳು ಕುದುರೆ ಸವಾರರಿಗೆಂದು ಅವನೇ ಒಪ್ಪಿಕೊಂಡಿರುವನು.

ಕಾಲಾಂತರದಲ್ಲಿ ಯಾತ್ರಿಕರು ವಿರಳರಾಗಿ ಹಾದಿಯೇ ಮಸುಕಾಯಿತು. 1984ರಲ್ಲಿ ಓ ಸೆಬ್ರೇರೋ ಗ್ರಾಮದ ಪಾದ್ರಿ ಎಲಿಯಾಸ್ ವಲೀಞ್ಯ ಅವರು ಹಳದಿ ಬಣ್ಣದಿಂದ ಬರೆಯತೊಡಗಿದ ಬಾಣದ ಗುರುತುಗಳೇ ಇಂದಿಗೂ ಅಲ್ಲಿ ದಾರಿ ತೋರುತ್ತಿವೆ.