ಆಡಳಿತದಲ್ಲಿ ಕಾರ್ಮಿಕರ ಸಹಭಾಗಿತ್ವ: ಸಲಹೆಯೋ, ಅಧಿಕಾರವೋ?

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಅದಿರಿಗಾಗಿ ಕಾರ್ಮಿಕರು ನೆಲದಾಳಕ್ಕೆ ಇಳಿಯುತ್ತಾರೆ. ಅಲ್ಲಿ ಸಡಿಲಗೊಂಡ ಬಂಡೆ ಮೊದಲು ಕಾಣುವುದು ಕೆಲಸದಲ್ಲಿರುವವರಿಗೆ. ತೀರ್ಮಾನ ಕೈಗೊಳ್ಳುವ ಅಧಿಕಾರವಿರುವುದು ಮೇಲಿನವರಿಗೆ. ಈ ಅಂತರವನ್ನು ತಗ್ಗಿಸುವುದೇ ಆಡಳಿತದಲ್ಲಿ ಕಾರ್ಮಿಕರ ಸಹಭಾಗಿತ್ವದ ಮೂಲ ಉದ್ದೇಶ.

ಭಾರತದಲ್ಲಿ ಇದಕ್ಕೆ ಕಾನೂನಿನ ರೂಪ ದೊರೆತದ್ದು 1947ರ ಕೈಗಾರಿಕಾ ವಿವಾದ ಕಾಯ್ದೆಯಿಂದ. 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಉದ್ಯಮದಲ್ಲಿ, ಸರ್ಕಾರ ಆದೇಶಿಸಿದರೆ, ವರ್ಕ್ಸ್ ಕಮಿಟಿ ರಚಿಸಬೇಕು. ಅದರಲ್ಲಿ ಕಾರ್ಮಿಕ ಪ್ರತಿನಿಧಿಗಳ ಸಂಖ್ಯೆ ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರುವಂತಿಲ್ಲ. ಆದರೆ ಈ ಸಮಿತಿಯ ಪಾತ್ರ ಸಲಹೆಗೆ ಸೀಮಿತ. ಸೇವಾ ಷರತ್ತುಗಳಲ್ಲಿ ಮಹತ್ವದ ಬದಲಾವಣೆ ತರುವ ವಿಷಯವನ್ನು ತೀರ್ಮಾನಿಸಲು ಅದಕ್ಕೆ ಅಧಿಕಾರವಿಲ್ಲವೆಂದು 1960ರಲ್ಲಿ ನಾರ್ತ್‌ಬ್ರೂಕ್ ಜ್ಯೂಟ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿಯ ಮೂಲಕ 43-ಎ ವಿಧಿ ಸೇರ್ಪಡೆಯಾಯಿತು. ಇದು ರಾಜ್ಯ ನಿರ್ದೇಶಕ ತತ್ತ್ವವಾದ್ದರಿಂದ ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದು. ಸಹಭಾಗಿತ್ವವನ್ನು ಕಡ್ಡಾಯಗೊಳಿಸಲು 1990ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆಯೂ ಕಾಯ್ದೆಯಾಗಲಿಲ್ಲ.

ಗಣಿಗಳಲ್ಲಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಲಾಯಿತು. 1955ರ ಗಣಿ ನಿಯಮಗಳಿಗೆ 1985ರಲ್ಲಿ ತಂದ ತಿದ್ದುಪಡಿಯು, 500 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಗಣಿಗಳಿಗೆ ಕಾರ್ಮಿಕರ ಪರವಾಗಿ ತಪಾಸಣೆ ನಡೆಸುವ ಪ್ರತಿನಿಧಿಗಳನ್ನು ಒದಗಿಸಿತು. ಇವರ ನೇಮಕದಲ್ಲಿ ಕಾರ್ಮಿಕ ಸಂಘದ ಸಮಾಲೋಚನೆ ಅಗತ್ಯ. ತಕ್ಷಣದ ಅಪಾಯ ಕಂಡಲ್ಲಿ ವ್ಯವಸ್ಥಾಪಕರಿಗಷ್ಟೇ ಅಲ್ಲದೆ ಸರ್ಕಾರಿ ಗಣಿ ನಿರೀಕ್ಷಕರಿಗೂ ತಿಳಿಸುವುದು ಇವರ ಕರ್ತವ್ಯವಾಯಿತು. ಭೋಪಾಲ್ ದುರಂತದ ನಂತರ, 1987ರಲ್ಲಿ, ಅಪಾಯಕಾರಿ ಕಾರ್ಖಾನೆಗಳಲ್ಲಿಯೂ ಸಮಾನ ಸಂಖ್ಯೆಯ ಪ್ರತಿನಿಧಿಗಳಿರುವ ಸುರಕ್ಷತಾ ಸಮಿತಿ ಕಡ್ಡಾಯವಾಯಿತು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ವರ್ಕ್ಸ್ ಕಮಿಟಿಗೆ 100ರ ಮಿತಿಯನ್ನೇ ಉಳಿಸಿಕೊಂಡಿದೆ. ರಾಯಚೂರು, ಮಾನ್ವಿ ಭಾಗದ ಹತ್ತಿ ಜಿನ್ನಿಂಗ್ ಮಿಲ್ಲಾಗಲಿ, ಅಕ್ಕಿ ಗಿರಣಿಯಾಗಲಿ, ಅಷ್ಟು ಕಾರ್ಮಿಕರಿಲ್ಲದಿದ್ದರೆ ಈ ನಿಯಮ ಅನ್ವಯಿಸದು. ಆದರೆ 20 ಕಾರ್ಮಿಕರಿದ್ದರೂ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಉಭಯ ಪಕ್ಷಗಳಿಗೆ ಸಮಾನ ಸ್ಥಾನವಿರುವ ಈ ಸಮಿತಿಯ ಸದಸ್ಯರ ಸಂಖ್ಯೆ 10 ಮೀರುವಂತಿಲ್ಲ.

ಸಮಿತಿಯಲ್ಲಿ ಕುರ್ಚಿ ಸಿಕ್ಕ ಮಾತ್ರಕ್ಕೆ ಅಧಿಕಾರ ಸಿಕ್ಕಂತಲ್ಲ. ಕಾರ್ಮಿಕನ ಎಚ್ಚರಿಕೆಯ ಮಾತಿಗೆ ಉತ್ತರಿಸುವ ಹೊಣೆ ಆಡಳಿತದ ಮೇಲೆ ಇದ್ದಾಗಲೇ ಸಹಭಾಗಿತ್ವಕ್ಕೆ ಅರ್ಥ ಬರುತ್ತದೆ.