ಒಬ್ಬರ ಕಣ್ಣಿನಿಂದ ಎಲ್ಲರ ಪರದೆಗೆ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಕಾಮಗೆರೆ ಸಿಗುತ್ತದೆ. ಅಲ್ಲಿನ ಹೋಲಿಕ್ರಾಸ್ ಆಸ್ಪತ್ರೆಯನ್ನು ಈ ಸೀಮೆಯವರಿಗೆ ಪರಿಚಯಿಸಬೇಕಾಗಿಲ್ಲ. ಸಣ್ಣ ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆ ಪಟ್ಟಣದವರ ಸಂಗತಿಯೆಂದು ನೀವು ಭಾವಿಸಿದ್ದರೆ, ಮನೆಯ ಹಿರಿಯ ಹೆಂಗಸರನ್ನು ಕೇಳಿ ನೋಡಿ. 'ಲ್ಯಾಪ್ರೋಸ್ಕೋಪಿ' ಎಂಬ ಮಾತು ನಮ್ಮ ಹಳ್ಳಿಗಳಿಗೆ ಬಂದದ್ದೇ 1980ರ ದಶಕದ ಸಂತಾನಹರಣ ಚಿಕಿತ್ಸಾ ಶಿಬಿರಗಳಿಂದ.

ಆ ದಿನಗಳ ವೈದ್ಯರು ಬಗ್ಗಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಉದರದರ್ಶಕದ ತುದಿಗೆ ಒತ್ತಿ ನೋಡುತ್ತಿದ್ದರು. ಕಲಿಯಲು ಬಂದವರಿಗೆ ಕಾಣುತ್ತಿದ್ದುದು ಗುರುವಿನ ಬೆನ್ನು! ಪಕ್ಕದಲ್ಲಿ ಎರಡನೆಯ ನೋಟಕ ಜೋಡಿಸುವ ಉಪಾಯವೂ ಇತ್ತು. ಆದರೆ ಬೆಳಕು ಇಬ್ಬರಿಗೂ ಹಂಚಿಹೋಗಿ ಚಿತ್ರ ಮಂಕಾಗುತ್ತಿತ್ತು.

1901ರಲ್ಲಿ ಜರ್ಮನಿಯ ಗೇಯಾರ್ಗ್ ಕೆಲ್ಲಿಂಗ್ ನಾಯಿಯ ಉದರದೊಳಗೆ ದರ್ಶಕವಿಟ್ಟು ನೋಡಿದರು. 1910ರಲ್ಲಿ ಸ್ವೀಡನ್ನಿನ ಯಾಕೋಬೇಯಸ್ ಮನುಷ್ಯರಲ್ಲಿ ಮಾಡಿದ ಪರೀಕ್ಷೆಗಳನ್ನು ಪ್ರಕಟಿಸಿದರು. ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್‌ಕಿನ್ಸ್ ಕೊಳವೆಯೊಳಗೆ ಗಾಜಿನ ದಂಡಗಳನ್ನು ಜೋಡಿಸಿ ಚಿತ್ರವನ್ನು ಬೆಳಗಿಸಿದರು. ಆದರೂ ನೋಡುವ ಕಣ್ಣು ಒಂದೇ. ಅದನ್ನು ಬದಲಿಸಿದ್ದು ನಮ್ಮ ಟೆಲಿವಿಷನ್ನಿನ ಬಂಧು, ಚಿಪ್ ಕ್ಯಾಮೆರಾ. ಹಗುರವಾದ ಈ ಕ್ಯಾಮೆರಾವನ್ನು ದರ್ಶಕಕ್ಕೆ ಸಿಕ್ಕಿಸಿದೊಡನೆ ಒಳಗಿನ ದೃಶ್ಯ ಪರದೆಗೆ ಬಂತು. ಸಹಾಯಕರು, ದಾದಿಯರು, ವಿದ್ಯಾರ್ಥಿಗಳು ಒಂದೇ ಚಿತ್ರ ನೋಡುವಂತಾಯಿತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಉದರದರ್ಶಕದ ನೆರವಿನಿಂದ ಪಿತ್ತಕೋಶವನ್ನು ತೆಗೆದಿದ್ದರು. ಭಾರತದಲ್ಲಿ 1990ರಲ್ಲಿ ಮುಂಬೈಯ ಡಾ. ತೆಹೆಮ್‌ಟನ್ ಉದ್ವಾಡಿಯಾ ಇದನ್ನು ಮೊದಲಿಗೆ ಮಾಡಿದರು.

ಪರದೆ ಕಲಿಕೆಯನ್ನು ಸುಲಭ ಮಾಡಿತೆ? ಇಲ್ಲಿ ನಾನು ನನ್ನ ಕಸುಬಿನ ಮಾತು ಹೇಳಬೇಕು. ಒಂದೇ ಕ್ಯಾಮೆರಾದ ಚಿತ್ರಕ್ಕೆ ಆಳವಿಲ್ಲ. ಸ್ಟುಡಿಯೋದಲ್ಲಿ ಹೂದಾನಿ ಅತಿಥಿಯ ತಲೆಯ ಮೇಲೆಯೇ ಇದ್ದಂತೆ ಕಂಡರೆ ನಗುತ್ತೇವೆ. ಹೊಟ್ಟೆಯೊಳಗೆ ಅದೇ ಭ್ರಮೆ ಪ್ರಾಣಕ್ಕೆ ಬಂದೀತು. ಸಾಲದ್ದಕ್ಕೆ, ರಂಧ್ರವೇ ಸನ್ನೆಗೋಲಿನ ಆನಿಕೆಯಾಗುವುದರಿಂದ ಕೈ ಬಲಕ್ಕೆ ಸರಿದರೆ ಉಪಕರಣದ ತುದಿ ಎಡಕ್ಕೆ ಹೋಗುತ್ತದೆ. ಕಣ್ಣು ಒಂದು ಕಡೆ, ಕೈ ಇನ್ನೊಂದು ಕಡೆ.

ಇದರ ಬೆಲೆಯನ್ನು ತೆತ್ತವರು ರೋಗಿಗಳು. ಹೊಸ ವಿಧಾನ ಹಬ್ಬಿದಂತೆ ಪಿತ್ತನಾಳಕ್ಕೆ ಗಾಯವಾಗುವುದು ಹೆಚ್ಚಿತು. 2003ರಲ್ಲಿ ಅಮೆರಿಕದ ಲಾರೆನ್ಸ್ ವೇ ಮತ್ತು ಸಂಗಡಿಗರು ಇಂಥ 252 ಪ್ರಕರಣಗಳನ್ನು ಪರಿಶೀಲಿಸಿದರು. 97 ಶೇಕಡದಲ್ಲಿ ಮೂಲ ಕಾರಣ ಕೈಚಳಕದ ಕೊರತೆಯಲ್ಲ, ದೃಷ್ಟಿಭ್ರಮೆ! ಒಂದು ನಾಳವನ್ನು ಇನ್ನೊಂದೆಂದು ನಂಬಿ ಕತ್ತರಿಸಿದ್ದರು. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಬೇರೆ ಇಲ್ಲ.

ಈಗ ಎರಡು ಮಸೂರಗಳ ಮೂರು ಆಯಾಮದ ಚಿತ್ರ ಬಂದಿದೆ. ಅದರಿಂದ ಹೊಸಬರು ಅಭ್ಯಾಸದ ಪೆಟ್ಟಿಗೆಯಲ್ಲಿ ಬೇಗ ಕಲಿಯುತ್ತಾರೆ, ತಪ್ಪೂ ಕಡಿಮೆ. ಆದರೆ ಅದು ದುಬಾರಿ. ತಾಲ್ಲೂಕು ಮಟ್ಟದ ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಪೆಟ್ಟಿಗೆಯೇ ಎಂದು ನನಗನ್ನಿಸುತ್ತದೆ. ರಟ್ಟಿನ ಡಬ್ಬ, ಎರಡು ತೂತು, ಒಳಗೊಂದು ದೀಪ, ಕಂಪ್ಯೂಟರಿನ ಅಗ್ಗದ ಕ್ಯಾಮೆರಾ ಇದ್ದರೆ ಸಾಕು. ಉದ್ದನೆಯ ಇಕ್ಕಳದಿಂದ ಕಾಳುಗಳನ್ನು ಒಂದೊಂದಾಗಿ ಬಟ್ಟಲಿನಿಂದ ಬಟ್ಟಲಿಗೆ ಹಾಕುತ್ತ ಹೋಗಬಹುದು. ಕಾಳು ಜಾರಿ ಬಿದ್ದರೆ ಯಾರಿಗೂ ನೋವಿಲ್ಲ.