ಆಸ್ಪತ್ರೆಯ ಒಳಮಾತು, ರೋಗಿಯ ಕಡತ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಬೋಧನಾ ಆಸ್ಪತ್ರೆಗಳಲ್ಲಿ, ಅಂದರೆ ಹೊಸ ವೈದ್ಯರು ಹಿರಿಯರ ಕೈಕೆಳಗೆ ದುಡಿಯುತ್ತಲೇ ಕಲಿಯುವ ಆಸ್ಪತ್ರೆಗಳಲ್ಲಿ, ರೋಗಿಗಳ ಕಿವಿಗೆ ಬೀಳಬಾರದ ಒಂದು ಒಳಮಾತು ಬೆಳೆದಿತ್ತು. ವಾಸಿಯಾಗದ ಕಾಯಿಲೆಗಳಿಂದ ಕುಗ್ಗಿ, ಬುದ್ಧಿ ಮಂಕಾಗಿ, ಮತ್ತೆ ಮತ್ತೆ ದಾಖಲಾಗುತ್ತಿದ್ದ ವೃದ್ಧರನ್ನು ಕಿರಿಯ ವೈದ್ಯರು ‘ಗೋಮರ್’ ಎನ್ನುತ್ತಿದ್ದರು. ‘ನನ್ನ ತುರ್ತು ಚಿಕಿತ್ಸಾ ಕೊಠಡಿಯಿಂದ ತೊಲಗು’ ಎಂಬರ್ಥದ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳಿಂದ ಅದು ಬಂದಿತೆಂಬುದು ಅವರಲ್ಲಿ ರೂಢಿಯಲ್ಲಿದ್ದ ವಿವರಣೆ. ಬೇಡವಾದ ರೋಗಿಯನ್ನು ಬೇರೊಂದು ವಿಭಾಗಕ್ಕೆ ಸಾಗಹಾಕುವುದಕ್ಕೆ ‘ಟರ್ಫ್’ ಎಂಬ ಮಾತಿತ್ತು.

ಈ ಮಾತುಗಳು ಹೊರಜಗತ್ತಿಗೆ ತಿಳಿದದ್ದು ಮುಖ್ಯವಾಗಿ 1978ರಲ್ಲಿ. ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ತರಬೇತಿ ಪಡೆದಿದ್ದ ಸ್ಟೀಫನ್ ಬರ್ಗ್‌ಮನ್ ಅವರು ಸ್ಯಾಮ್ಯುಯೆಲ್ ಶೆಮ್ ಎಂಬ ಕಾವ್ಯನಾಮದಲ್ಲಿ ‘ದಿ ಹೌಸ್ ಆಫ್ ಗಾಡ್’ ಕಾದಂಬರಿಯನ್ನು ಪ್ರಕಟಿಸಿದ ವರ್ಷದಲ್ಲೇ, ಜಾನಪದ ವಿದ್ವಾಂಸ ಅಲನ್ ಡಂಡೆಸ್ ಮತ್ತು ವಿಕ್ಟೋರಿಯಾ ಜಾರ್ಜ್ ಅವರು ‘ಗೋಮರ್’ ಪದವನ್ನು ಆಸ್ಪತ್ರೆಯ ಜಾನಪದವೆಂದು ಪರಿಗಣಿಸಿ ಪ್ರಬಂಧ ಬರೆದರು.

ಸಮರ್ಥಕರು ಹೇಳಿದ್ದು ಉದ್ದೇಶದ ಮಾತನ್ನು. ಮೂವತ್ತು ಗಂಟೆ ಮೀರಿದ ಪಾಳಿಗಳು ಅಪರೂಪವಲ್ಲದಿದ್ದ ಆ ಕಾಲದಲ್ಲಿ, ತಮ್ಮ ಕೈಯಲ್ಲಿ ಗುಣವಾಗದ ದೇಹಗಳ ಎದುರು ಹುಟ್ಟಿದ ಅಸಹಾಯಕತೆಯನ್ನು ಯುವಕರು ಹಾಗೆ ಹೊರಹಾಕಿದರೇ ಹೊರತು ರೋಗಿಯನ್ನು ನೋಯಿಸಲಿಲ್ಲವೆಂಬ ಈ ವಾದದಲ್ಲಿ ನಿಜವಿದೆ, ಮತ್ತು ಆ ದಣಿವನ್ನು ಮರೆತು ಅವರನ್ನು ಕ್ರೂರಿಗಳೆನ್ನುವುದು ಅನ್ಯಾಯ. ಆದರೆ ರೋಗಿ ಕೇಳಿಸಿಕೊಳ್ಳುವುದಿಲ್ಲ ಎಂಬ ಭರವಸೆಯ ಮೇಲೆಯೇ ಈ ವಾದ ನಿಂತಿತ್ತು. ಅಲ್ಲದೆ ಆ ಪದವನ್ನು ಮೊದಲ ದಿನವೇ ಕಲಿತ ಹೊಸಬನಿಗೆ ಅದು ದಣಿವಿನ ಉದ್ಗಾರವಾಗಿರದೆ, ಇನ್ನೂ ನೋಡದ ಮನುಷ್ಯನ ಬಗ್ಗೆ ಮೊದಲೇ ಸಿಕ್ಕ ತೀರ್ಪಾಗಿರುತ್ತಿತ್ತು.

ಆ ಭರವಸೆ ಕುಸಿದದ್ದು ಕಡತದ ಮೂಲಕ. ಚಿಕಿತ್ಸೆಯ ಟಿಪ್ಪಣಿಗಳ ಪ್ರತಿಯನ್ನು ರೋಗಿಗೇ ಕೊಡಬೇಕೆಂದು ಬಡ್ ಶೆಂಕಿನ್ ಮತ್ತು ಡೇವಿಡ್ ವಾರ್ನರ್ 1973ರಲ್ಲೇ ಸೂಚಿಸಿದ್ದರು. ಬ್ರಿಟನ್ ತನ್ನ 1990ರ ಕಾಯಿದೆಯಿಂದ ರೋಗಿಗಳಿಗೆ ಕಡತ ನೋಡುವ ಹಕ್ಕನ್ನು ನೀಡಿತು. ಅಮೆರಿಕದಲ್ಲಿ 2010ರಲ್ಲಿ ‘ಓಪನ್‌ನೋಟ್ಸ್’ ಪ್ರಯೋಗ ಆರಂಭವಾಗಿ, ಮೂರು ಸಂಸ್ಥೆಗಳ 105 ವೈದ್ಯರು ತಮ್ಮ ಟಿಪ್ಪಣಿಗಳನ್ನು ಅಂತರಜಾಲದ ಮೂಲಕ ರೋಗಿಗಳ ಓದಿಗೆ ತೆರೆದಿಟ್ಟರು. ಆ ಮೂರರಲ್ಲಿ ಒಂದು, ಶೆಮ್ ಅವರ ಕಾದಂಬರಿಗೆ ಮೂಲವಾಗಿದ್ದ ಬೆತ್ ಇಸ್ರೇಲ್ ಆಸ್ಪತ್ರೆ ಮತ್ತೊಂದರೊಡನೆ ವಿಲೀನವಾಗಿ ರೂಪುಗೊಂಡ ಸಂಸ್ಥೆಯೇ ಎಂಬುದು ಗಮನಾರ್ಹ. ರೋಗಿಗಳು ಗಾಬರಿಯಾಗುವರು, ಪ್ರಶ್ನೆಗಳ ಮಳೆಗರೆಯುವರು ಎಂಬ ಭಯ ಬಹುಮಟ್ಟಿಗೆ ಹುಸಿಯಾಯಿತು. 2021ರಿಂದ ಅಂಥ ಟಿಪ್ಪಣಿಗಳನ್ನು ತಡೆಯಿಲ್ಲದೆ ಒದಗಿಸುವುದು ಅಲ್ಲಿನ ಕಾನೂನೇ ಆಯಿತು.

ಆದರೆ ಒರಟು ಪದಗಳು ಕಡತದಿಂದ ಮರೆಯಾದ ಮಾತ್ರಕ್ಕೆ ಅವಮಾನ ಮರೆಯಾಗಲಿಲ್ಲ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಡಗೋಲು ಕಣ ರಕ್ತಹೀನತೆಯಿಂದ, ಅಂದರೆ ಕೆಂಪು ರಕ್ತಕಣಗಳು ಬಾಗಿ ತೀವ್ರ ನೋವು ತರುವ ಆನುವಂಶಿಕ ಕಾಯಿಲೆಯಿಂದ ಬಳಲುವ ಒಬ್ಬನೇ ಕಾಲ್ಪನಿಕ ರೋಗಿಯ ಬಗ್ಗೆ ಎರಡು ಬಗೆಯ ಟಿಪ್ಪಣಿಗಳನ್ನು ವೈದ್ಯ ವಿದ್ಯಾರ್ಥಿಗಳಿಗೂ ತರಬೇತಿಯ ವೈದ್ಯರಿಗೂ ಓದಲು ಕೊಡಲಾಯಿತು. ಒಂದರ ಭಾಷೆ ತಟಸ್ಥವಾಗಿತ್ತು. ಇನ್ನೊಂದು ಬೈಗುಳವಿಲ್ಲದ ದೈನಂದಿನ ಕಡತದ ಭಾಷೆಯಲ್ಲೇ, ಆತ ಮಾದಕ ಔಷಧಿಗೆ ಅಂಟಿಕೊಂಡವನು, ಪದೇ ಪದೇ ಬರುವವನು ಎಂದು ಸೂಚಿಸುತ್ತಿತ್ತು. ಎರಡನೆಯದನ್ನು ಓದಿದವರು ರೋಗಿಯ ಬಗ್ಗೆ ಹೆಚ್ಚು ಪ್ರತಿಕೂಲ ಭಾವನೆ ತಳೆದರು, ಅವನ ನೋವಿಗೆ ಕಡಿಮೆ ಚಿಕಿತ್ಸೆಯನ್ನು ಸೂಚಿಸಿದರು.